ಚಾಲಗೇಣಿಯ ರೇಸ್ ಟ್ರ್ಯಾಕ್

2018ರ ಆಗಸ್ಟ್ 24ರಂದು ಕೋಡ್‌ಮಾಸ್ಟರ್ಸ್ ಕಂಪನಿಯ 'ಎಫ್1 2018' ವಿಡಿಯೋ ಗೇಮ್ ಮಾರುಕಟ್ಟೆಗೆ ಬಂತು. ಅದರಲ್ಲಿ ಫಾರ್ಮುಲಾ ವನ್ ತಂಡ ಫೋರ್ಸ್ ಇಂಡಿಯಾದ ಕಾರು ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಅದೇ ವಾರಾಂತ್ಯ ಬೆಲ್ಜಿಯಂನ ಸ್ಪಾದಲ್ಲಿ ನಿಜವಾದ ತಂಡದ ಕಥೆ ಬೇರೆಯೇ ಇತ್ತು. ಸಾಲಕ್ಕೆ ಸಿಕ್ಕಿ ಆಡಳಿತಾಧಿಕಾರಿಗಳ ಕೈಸೇರಿದ್ದ ತಂಡವನ್ನು ಹೊಸ ಒಡೆಯರು ಕೊಂಡು, 'ರೇಸಿಂಗ್ ಪಾಯಿಂಟ್ ಫೋರ್ಸ್ ಇಂಡಿಯಾ' ಎಂಬ ಹೆಸರಲ್ಲಿ ಕಣಕ್ಕಿಳಿಸಿದ್ದರು. ಅಲ್ಲಿಯವರೆಗೆ ಗಳಿಸಿದ 59 ಅಂಕ ಅಳಿಸಿಹೋಗಿ, ಲೆಕ್ಕ ಸೊನ್ನೆಯಿಂದ ಶುರುವಾಯಿತು. ಬಂಟ್ವಾಳ ಮೂಲದ ಕುಟುಂಬದ ವಿಜಯ್ ಮಲ್ಯ 2007ರಲ್ಲಿ ಪಾಲುದಾರರೊಬ್ಬರ ಜೊತೆ ಸ್ಪೈಕರ್ ತಂಡವನ್ನು ಕೊಂಡು ಕಟ್ಟಿದ ತಂಡವದು. ಮಲ್ಯರ ಉಳಿದ ಕಥೆಯನ್ನು ಮಂಗಳೂರಿಗರಿಗೆ ಯಾರೂ ಹೇಳಬೇಕಿಲ್ಲ. ಟ್ರ್ಯಾಕಿನಲ್ಲಿ ಮುಗಿದದ್ದು ಪರದೆಯ ಮೇಲೆ ಉಳಿಯಿತಲ್ಲ, ಅದು ಎಷ್ಟು ಕಾಲ ಉಳಿದೀತು ಎಂಬುದು ನನ್ನ ಪ್ರಶ್ನೆ. ಅದನ್ನು ತೀರ್ಮಾನಿಸುವುದು ಆಟ ಕಟ್ಟಿದವರಲ್ಲ, ಆಡುವವರೂ ಅಲ್ಲ. ಲೈಸೆನ್ಸ್ ಎಂಬ ಕಾಗದ.

ಮೊದಲು ಈ ಕಾಗದಕ್ಕೆ ಇಷ್ಟು ಬೆಲೆ ಇರಲಿಲ್ಲ. 1982ರಲ್ಲಿ ಜಪಾನಿನ ನಾಮ್ಕೋ ಕಂಪನಿ 'ಪೋಲ್ ಪೊಸಿಷನ್' ಆಟದಲ್ಲಿ ಫುಜಿಯ ನಿಜವಾದ ಟ್ರ್ಯಾಕನ್ನು ತಂದಾಗ, ಕಾರು ಕಾರಿನಂತೆ ಕಂಡರೆ ಸಾಕಿತ್ತು. 1991ರಲ್ಲಿ ಜೆಫ್ ಕ್ರಾಮಂಡ್ ಮಾಡಿದ ಫಾರ್ಮುಲಾ ವನ್ ಆಟದಲ್ಲಿ ಚಾಲಕರ ಹೆಸರುಗಳೆಲ್ಲ ಕಲ್ಪಿತ. ಆದರೂ ಜನ ಅದನ್ನು ಮೆಚ್ಚಿ ಆಡಿದರು. 1996ರ 'ಗ್ರ್ಯಾಂಡ್ ಪ್ರಿ 2' ಹೊತ್ತಿಗೆ ಲೈಸೆನ್ಸ್ ಸಿಕ್ಕಿ, 1994ರ ಋತುವಿನ ಅಸಲಿ ಹೆಸರುಗಳು ಬಂದವು. ಅಲ್ಲಿಂದ ಮುಂದೆ ಹೆಸರೇ ಸರಕು. ಜಾಕ್ ವಿಲ್ನೆವ್ ತನ್ನ ಹೆಸರಿನ ಹಕ್ಕನ್ನು ತಾನೇ ಇಟ್ಟುಕೊಂಡಿದ್ದರಿಂದ, ನಿಂಟೆಂಡೊ 64ರ ಆಟದಲ್ಲಿ ವಿಶ್ವ ಚಾಂಪಿಯನ್ 'ಡ್ರೈವರ್ ವಿಲಿಯಮ್ಸ್' ಆಗಿಬಿಟ್ಟ! ಪೋರ್ಷೆಯ ಲೈಸೆನ್ಸ್ ವರ್ಷಗಟ್ಟಲೆ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಮುಷ್ಟಿಯಲ್ಲಿತ್ತು. ಹಾಗಾಗಿ 'ಗ್ರ್ಯಾನ್ ಟುರಿಸ್ಮೊ' ಆಡುವವರು ಪೋರ್ಷೆಯ ಆಸೆಯನ್ನು ಅದನ್ನೇ ಹೋಲುವ ರೂಫ್ ಕಾರುಗಳಲ್ಲಿ ತೀರಿಸಿಕೊಂಡರು.

ದಕ್ಷಿಣ ಕನ್ನಡದ ಹಳಬರ ಭಾಷೆಯಲ್ಲಿ ಹೇಳುವುದಾದರೆ ಈ ಲೈಸೆನ್ಸ್ ಮೂಲಗೇಣಿಯಲ್ಲ, ಚಾಲಗೇಣಿ. ಧಣಿ ಬಿಡು ಎಂದ ದಿನ ಬಿಡಬೇಕು, ಮಾಡಿದ ಕೃಷಿ ಎಷ್ಟೇ ಚೆನ್ನಾಗಿರಲಿ. ನಮ್ಮ ದೇಶದ ಬುದ್ಧ ಟ್ರ್ಯಾಕನ್ನೇ ನೋಡಿ. ಅಲ್ಲಿ ಮೊದಲ ಗ್ರ್ಯಾಂಡ್ ಪ್ರಿ ನಡೆದದ್ದು 2011ರ ಅಕ್ಟೋಬರ್ 30ರಂದು. 'ಎಫ್1 2011' ಆಟ ಸೆಪ್ಟೆಂಬರಿನಲ್ಲೇ ಬಂದಿದ್ದರಿಂದ, ಚಾಲಕ ವೆಟಲ್ ಅಲ್ಲಿ ಗೆಲ್ಲುವ ಮೊದಲೇ ಹುಡುಗರು ತಮ್ಮ ಕೋಣೆಯಲ್ಲಿ ಆ 5.125 ಕಿಲೋಮೀಟರನ್ನು ಸುತ್ತಿ ಮುಗಿಸಿದ್ದರು. ಮೂರೇ ವರ್ಷ. 2013ರ ಬಳಿಕ ರೇಸ್ ನಿಂತಿತು, ಮುಂದಿನ ವರ್ಷದ ಆಟದಿಂದ ಟ್ರ್ಯಾಕೂ ಹೋಯಿತು. ಆ ಕಾಲದ ಎಫ್1 ಆಟಗಳೂ ಒಂದೊಂದಾಗಿ ಆನ್‌ಲೈನ್ ಅಂಗಡಿಗಳಿಂದ ಮಾಯವಾಗಿವೆ.

ಹೆಸರು, ಬಣ್ಣ, ಲಾಂಛನ ಅವರವರ ಸೊತ್ತು, ಬಾಡಿಗೆ ಕೇಳಿದರೆ ತಪ್ಪೇನು ಎನ್ನಬಹುದು. ತಪ್ಪಿಲ್ಲ. ಹೊಸ ಆಟಕ್ಕೆ ಹೊಸ ಬಾಡಿಗೆ ಕೇಳಲಿ. ಆದರೆ ದುಡ್ಡು ಕೊಟ್ಟು, ಒಪ್ಪಿಗೆ ಪಡೆದು ಮಾಡಿ ಮುಗಿಸಿದ ಆಟವನ್ನೂ ಮಾರಬಾರದು ಎನ್ನುವುದು ಬೇರೆ ಮಾತು. ಹಳೆಯ ರೇಸಿನ ಫೋಟೊ ಇರುವ ಪುಸ್ತಕವನ್ನು ಪ್ರಾಯೋಜಕರ ಕರಾರು ಮುಗಿಯಿತೆಂದು ಯಾರೂ ಅಂಗಡಿಯಿಂದ ಎತ್ತಿಸುವುದಿಲ್ಲ. ಡಿಸ್ಕ್ ಕೊಂಡವರ ಬಳಿ ಆಟ ಇದ್ದೇ ಇದೆಯಲ್ಲ ಎಂಬ ಸಮಾಧಾನವೂ ಹೆಚ್ಚು ದಿನ ನಡೆಯದು, ಏಕೆಂದರೆ ಈಗ ಬಹುಪಾಲು ಖರೀದಿಯೇ ಡೌನ್‌ಲೋಡ್. ಮೈಕ್ರೋಸಾಫ್ಟ್‌ನ 'ಫೋರ್ಜಾ ಹೊರೈಜನ್ 4' 2024ರ ಡಿಸೆಂಬರ್ 15ರಂದು ಮಾರಾಟದಿಂದ ಹೊರಬಿತ್ತು. ಕಾರಣ, ಲೈಸೆನ್ಸ್ ಅವಧಿ. ಅದಕ್ಕೆ ಮೊದಲೇ ಕೊಂಡವರು ಆಡಬಹುದು, ಹೊಸಬರಿಗೆ ಬಾಗಿಲು ಮುಚ್ಚಿದೆ.

ಈ ಫೋರ್ಜಾ ಸರಣಿಗೆ ನಮ್ಮ ನಾಡಿನ ಕೈಕೆಲಸವೂ ಸೇರಿದೆ. ರಾಜೇಶ್ ರಾವ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆಯ ಕಲಾವಿದರು ಅದಕ್ಕೆ ದುಡಿದಿದ್ದಾರೆ. 2019ರಲ್ಲಿ ಧ್ರುವವೂ ಗೇಮ್ ಕಂಪನಿ ರಾಕ್‌ಸ್ಟಾರ್ ಪಾಲಾಯಿತು. ಗೇಣಿ ಜಮೀನಿನಲ್ಲಾದರೆ ಉಳುವವನೇ ಒಡೆಯ ಎನ್ನುವ ಕಾನೂನು ಬಂತು. ಇಲ್ಲಿ ಅಂಥ ಬೇಡಿಕೆಯೇ ಅತಿಯಾಯಿತು. ಬಿತ್ತಿದ ಬೆಳೆ ಮಾರುಕಟ್ಟೆಯಲ್ಲಿ ಉಳಿಯಲಿ ಎಂದಷ್ಟೇ ಕೇಳುತ್ತಿರುವುದು. ಸದ್ಯ ಆ ಕೆಲಸ ಮಾಡುತ್ತಿರುವವರು ಅಭಿಮಾನಿಗಳು. 'ಅಸೆಟ್ಟೊ ಕೋರ್ಸಾ'ದಂಥ ಆಟಗಳಿಗೆ ಅವರು ಬುದ್ಧ ಟ್ರ್ಯಾಕನ್ನು ತಾವೇ ಕಟ್ಟಿ ಹಂಚುತ್ತಾರೆ, ಯಾರ ಲೈಸೆನ್ಸನ್ನೂ ಕೇಳದೆ.