ಎಂಟು ವಾರಕ್ಕೊಂದು ಬುಧವಾರ

2023ರ ಅಕ್ಟೋಬರ್ 11, ಬುಧವಾರ. ಪುಣೆಯ ನಮ್ಮ ಆಫೀಸಿನಲ್ಲಿ ಎಲ್ಲರ ಚಹಾ ಆರಿಹೋಗಿತ್ತು. ಸ್ವೀಡನ್ನಿನಿಂದ ಹನ್ನೊಂದೂವರೆ ಹೊತ್ತಿಗೆ ಬರಲಿದ್ದ ಒಂದು ಫೈಲಿಗಾಗಿ ತಂಡವೇ ಕಾಯುತ್ತಿತ್ತು. ಅದು ‘ಕರ್ಲ್’ ತಂತ್ರಾಂಶದ 8.4.0 ಆವೃತ್ತಿ.

ಈ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಆದರೆ ಅದರ ಲೈಬ್ರರಿ ‘ಲಿಬ್‌ಕರ್ಲ್’ ನಿಮ್ಮ ಫೋನು, ಟಿವಿ, ಕಾರುಗಳೊಳಗೆ ಇರುವ ಸಾಧ್ಯತೆ ಬಹಳ. ನೆಟ್‌ವರ್ಕ್ ಮೂಲಕ ಮಾಹಿತಿ ಸಾಗಿಸುವುದು ಅದರ ಕೆಲಸ. ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಕರ್ಲ್ ಎಂಬ ಹೆಸರಿನಲ್ಲಿ ಅದನ್ನು ಹೊರತಂದರು. ಇದು ಓಪನ್ ಸೋರ್ಸ್. ಬಳಸಲು ಯಾರೂ ಕಾಸು ಕೊಡಬೇಕಿಲ್ಲ.

ಕರ್ಲ್‌ನ ಹೊಸ ಆವೃತ್ತಿ ಸಾಮಾನ್ಯವಾಗಿ ಎಂಟು ವಾರಕ್ಕೊಮ್ಮೆ, ಬುಧವಾರ ಬರುತ್ತದೆ. ಆರಂಭದ ಕೆಲವು ವಾರ ಹೊಸ ಸೌಲಭ್ಯಗಳಿಗೆ ಬಾಗಿಲು ತೆರೆದಿರುತ್ತದೆ. ಆಮೇಲೆ ಮುಚ್ಚಿತು, ಉಳಿದ ದಿನಗಳು ದೋಷ ತಿದ್ದುವುದಕ್ಕೆ ಮಾತ್ರ. ಮದುವೆಯ ಹಿಂದಿನ ರಾತ್ರಿ ಯಾರೂ ಹೊಸ ಅಡುಗೆ ಪ್ರಯೋಗ ಮಾಡುವುದಿಲ್ಲವಲ್ಲ, ಹಾಗೆ. ಪ್ರತಿ ಬದಲಾವಣೆಯೂ ಲಿನಕ್ಸ್, ವಿಂಡೋಸ್, ಮ್ಯಾಕ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಪರೀಕ್ಷೆಗಳನ್ನು ದಾಟಬೇಕು. ಕೊನೆಗೆ ಬದಲಾವಣೆಗಳ ಪಟ್ಟಿ, ನೆರವಾದವರೆಲ್ಲರ ಹೆಸರು, ಫೈಲು ಅಸಲಿ ಎಂದು ಸಾರುವ ಸ್ಟೆನ್‌ಬರ್ಗ್ ಅವರ ಡಿಜಿಟಲ್ ಸಹಿ. ಹೊಸದು ಹಾಕಿದರೆ ಹಳೆಯ ಪ್ರೋಗ್ರಾಂ ಕೆಡಬಾರದು ಎಂಬ ಮಾತನ್ನು ಅವರು 2006ರಿಂದ ಉಳಿಸಿಕೊಂಡು ಬಂದಿದ್ದಾರೆ.

ಆದರೆ 8.4.0 ನಾಲ್ಕೇ ವಾರದಲ್ಲಿ ಬಂತು. ಕಾರಣ, ಗಂಭೀರವಾದ ಒಂದು ಭದ್ರತಾ ದೋಷ. ಸಾಕ್ಸ್5 ಎಂಬ ಪ್ರಾಕ್ಸಿಯ ನಿಯಮದಲ್ಲಿ ಸರ್ವರಿನ ಹೆಸರು 255 ಬೈಟ್ ಮೀರುವಂತಿಲ್ಲ. ಸಂಪರ್ಕ ನಿಧಾನವಾದಾಗ ಕರ್ಲ್ ಈ ಮಿತಿಯನ್ನು ಮರೆತು, ಉದ್ದದ ಹೆಸರನ್ನು ಚಿಕ್ಕ ಜಾಗಕ್ಕೆ ತುರುಕಬಹುದಿತ್ತು. ಪಾತ್ರೆ ತುಂಬಿ ಚೆಲ್ಲಿದಂತೆ ಪಕ್ಕದ ಮೆಮೊರಿ ಹಾಳಾಗುತ್ತಿತ್ತು. 2020ರಲ್ಲಿ ಆ ಕೋಡ್ ಬರೆದವರು ಸ್ಟೆನ್‌ಬರ್ಗ್ ಅವರೇ. ಅದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡರು. ಬಿಡುಗಡೆಯ ದಿನಾಂಕವನ್ನು ಸುಮಾರು ಒಂದು ವಾರ ಮೊದಲೇ ಸಾರಿದರು, ದೋಷದ ವಿವರವನ್ನು ಮಾತ್ರ ಗುಟ್ಟಾಗಿಟ್ಟರು. ಇಲ್ಲದಿದ್ದರೆ ಮದ್ದು ಸಿದ್ಧವಾಗುವ ಮೊದಲೇ ಕಳ್ಳರಿಗೆ ದಾರಿ ತೋರಿಸಿದಂತಾಗುತ್ತಿತ್ತು.

ಆ ಒಂದು ವಾರ ನಾವು ನಮ್ಮ ಸರ್ವರುಗಳಲ್ಲಿ ಕರ್ಲ್ ಎಲ್ಲೆಲ್ಲಿದೆ ಎಂದು ಹುಡುಕಿದೆವು. ಪಟ್ಟಿಯಲ್ಲೇ ಇಲ್ಲದ ಒಂದು ಹಳೆಯ ಯಂತ್ರ ಸಿಕ್ಕಿತು. ಎರಡು ವರ್ಷದ ಹಿಂದೆ ಅದನ್ನು ನಿಲ್ಲಿಸಿದವನು ನಾನೇ. ಅಪ್‌ಡೇಟ್ ವ್ಯವಸ್ಥೆಯನ್ನು ‘ಆಮೇಲೆ ಮಾಡೋಣ’ ಎಂದು ಬಿಟ್ಟವನೂ ನಾನೇ. ಯಾರೂ ಬೈಯಲಿಲ್ಲ, ಆದರೂ ಮುಖ ಬಿಸಿಯಾಯಿತು. ಅಲ್ಲಿ ಒಬ್ಬರು ಜಗತ್ತಿನೆದುರು ತಮ್ಮ ತಪ್ಪು ಒಪ್ಪಿಕೊಂಡು ತಿದ್ದಿ ಕೊಡುತ್ತಿದ್ದಾರೆ. ಪುಕ್ಕಟೆಯಾಗಿ ಪಡೆಯುವ ನಾನು ಅದನ್ನು ಹಾಕಿಕೊಳ್ಳುವ ಏರ್ಪಾಡನ್ನೂ ಮಾಡಿರಲಿಲ್ಲ.

ಫೈಲು ಬಂತು. ಸಹಿ ಪರಿಶೀಲಿಸಿ, ಪರೀಕ್ಷೆ ನಡೆಸಿ, ಸಂಜೆಯೊಳಗೆ ಎಲ್ಲ ಯಂತ್ರಗಳಿಗೂ ಹಾಕಿದೆವು. ಮೊದಲ ಸರದಿ ಆ ಹಳೆಯ ಯಂತ್ರದ್ದು. ಈಗ ಕರ್ಲ್‌ನ ಬುಧವಾರಗಳು ನನ್ನ ಕ್ಯಾಲೆಂಡರಿನಲ್ಲಿ ಹಬ್ಬಗಳ ಪಕ್ಕದಲ್ಲೇ ಗುರುತಾಗಿವೆ.