ಹಾಲಿನ ಗುಟ್ಟು ಬಿಚ್ಚಿಡುವ ಅವಕೆಂಪು ಬೆಳಕು

ಹಾಲಿಗೆ ನೀರು ಬೆರೆಸುವುದು ಬಹು ಹಳೆಯ ವಿದ್ಯೆ. ಅದನ್ನು ಹಿಡಿಯಲೆಂದೇ ಲ್ಯಾಕ್ಟೋಮೀಟರ್ ಬಂದಿತು. ನೀರು ಬೆರೆತರೆ ಹಾಲಿನ ಸಾಂದ್ರತೆ ಇಳಿಯುತ್ತದೆ, ಲ್ಯಾಕ್ಟೋಮೀಟರ್ ಹೆಚ್ಚು ಮುಳುಗುತ್ತದೆ. ಆದರೆ ನೀರಿನೊಡನೆ ಸಕ್ಕರೆ, ಉಪ್ಪು ಅಥವಾ ಯೂರಿಯಾ ಸೇರಿಸಿ ಸಾಂದ್ರತೆಯನ್ನು ಸರಿದೂಗಿಸಿದರೆ ಈ ಉಪಕರಣ ಮೋಸಹೋಗುತ್ತದೆ. ಹಾಲು ಎಷ್ಟು ಗಟ್ಟಿ ಎಂಬುದನ್ನಲ್ಲ, ಅದರಲ್ಲಿ ಯಾವ ಅಣುಗಳಿವೆ ಎಂಬುದನ್ನೇ ಅಳೆಯುವ ವಿಧಾನ ಬೇಕಾದದ್ದು ಇದಕ್ಕಾಗಿ. ಅಂಥದೊಂದು ವಿಧಾನವೇ ಅವಕೆಂಪು ರೋಹಿತ ವಿಶ್ಲೇಷಣೆ.

ದಕ್ಷಿಣ ಬೆಂಗಳೂರಿಗೂ ಹಾಲಿನ ವಿಜ್ಞಾನಕ್ಕೂ ನಂಟು ಹಳೆಯದು. ಬಿಟಿಎಂ ಬಡಾವಣೆಗೆ ಸಮೀಪದ ಆಡುಗೋಡಿಯಲ್ಲಿ 1923ರಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಆರಂಭವಾಯಿತು. 1927ರಲ್ಲಿ ಗಾಂಧೀಜಿ ಇಲ್ಲಿಗೆ ಬಂದು ಹೈನುಗಾರಿಕೆಯ ಪಾಠ ಕಲಿತರು. 1955ರಲ್ಲಿ ಸಂಸ್ಥೆಯ ಕೇಂದ್ರಸ್ಥಾನ ಹರಿಯಾಣದ ಕರ್ನಾಲ್‌ಗೆ ಸ್ಥಳಾಂತರಗೊಂಡರೂ ಆಡುಗೋಡಿಯಲ್ಲಿ ದಕ್ಷಿಣ ಪ್ರಾದೇಶಿಕ ಕೇಂದ್ರ ಉಳಿಯಿತು. ಅನತಿದೂರದ ಡೇರಿ ವೃತ್ತಕ್ಕೆ ಆ ಹೆಸರು ಬಂದದ್ದು ಬೆಂಗಳೂರು ಡೇರಿಯಿಂದ.

ಅಣುಗಳ ಕಂಪನ

ಕೆಂಪು ಬೆಳಕಿನಾಚೆ ಕಣ್ಣಿಗೆ ಕಾಣದ ಕಿರಣಗಳಿವೆ ಎಂಬುದನ್ನು ವಿಲಿಯಂ ಹರ್ಷೆಲ್ 1800ರಲ್ಲಿ ಕಂಡುಕೊಂಡರು. ಅಣುವಿನೊಳಗಿನ ಪರಮಾಣುಗಳ ಬಂಧಗಳು ಸ್ಪ್ರಿಂಗಿನಂತೆ ಸದಾ ಕಂಪಿಸುತ್ತಿರುತ್ತವೆ. ತನ್ನ ಕಂಪನಕ್ಕೆ ಹೊಂದುವ ಅವಕೆಂಪು ಕಿರಣ ಬಂದಾಗ ಬಂಧವು ಅದನ್ನು ಹೀರಿಕೊಳ್ಳುತ್ತದೆ. ಹಾಲಿನ ಕೊಬ್ಬು ಸುಮಾರು 5.7 ಮೈಕ್ರೋಮೀಟರ್, ಪ್ರೋಟೀನು 6.5 ಮತ್ತು ಲ್ಯಾಕ್ಟೋಸ್ 9.6 ಮೈಕ್ರೋಮೀಟರ್ ತರಂಗಾಂತರದ ಕಿರಣಗಳನ್ನು ಹೀರುತ್ತವೆ. ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಕಡಿಮೆಯಾಯಿತು ಎಂಬುದನ್ನು ಅಳೆದರೆ ಯಾವ ಅಂಶ ಎಷ್ಟಿದೆ ಎಂಬುದು ತಿಳಿಯುತ್ತದೆ.

ಇಲ್ಲಿ ತೊಡಕುಗಳೂ ಉಂಟು. ಹಾಲಿನ ಬಹುಪಾಲು ನೀರು. ಅದು ಈ ಕಿರಣಗಳನ್ನು ಬಲವಾಗಿ ಹೀರುವುದರಿಂದ ಕೂದಲೆಳೆಯಷ್ಟು ತೆಳುವಾದ ಹಾಲಿನ ಪದರದ ಮೂಲಕವೇ ಬೆಳಕನ್ನು ಹಾಯಿಸಬೇಕಾಗುತ್ತದೆ. ಕೊಬ್ಬಿನ ಹನಿಗಳು ಬೆಳಕನ್ನು ಚದುರಿಸದಂತೆ ಅವನ್ನು ಮೊದಲೇ ಸಣ್ಣದಾಗಿ ಒಡೆಯಲಾಗುತ್ತದೆ. ಇಂದಿನ ಉಪಕರಣಗಳು ಈ ಕೆಲಸವನ್ನೆಲ್ಲ ಒಂದು ನಿಮಿಷದೊಳಗೆ ಮುಗಿಸುತ್ತವೆ.

ಮೆಲಮೈನ್ ಕಲಿಸಿದ ಪಾಠ

2008ರಲ್ಲಿ ಚೀನಾದಲ್ಲಿ ಮೆಲಮೈನ್ ಬೆರೆತ ಹಾಲಿನ ಪುಡಿ ಸೇವಿಸಿ ಸುಮಾರು 3 ಲಕ್ಷ ಮಕ್ಕಳು ಅಸ್ವಸ್ಥರಾದರು. 6 ಶಿಶುಗಳು ಸಾವಿಗೀಡಾದವು. ಪ್ರೋಟೀನನ್ನು ಅಳೆಯುವ ಹಳೆಯ ರಾಸಾಯನಿಕ ಪರೀಕ್ಷೆ ಲೆಕ್ಕ ಹಾಕುವುದು ಸಾರಜನಕವನ್ನು ಮಾತ್ರ. ಮೆಲಮೈನ್‌ನ ತೂಕದಲ್ಲಿ ಮೂರನೇ ಎರಡು ಭಾಗ ಸಾರಜನಕವೇ ಆದ್ದರಿಂದ ನೀರು ಬೆರೆಸಿದ ಹಾಲೂ ಪ್ರೋಟೀನುಭರಿತವೆಂದು ತೋರಿತು. ಮೂರು ನಾಲ್ಕು ತರಂಗಾಂತರಗಳನ್ನಷ್ಟೇ ನೋಡದೆ ಇಡೀ ರೋಹಿತವನ್ನು ಶುದ್ಧ ಹಾಲಿನ ರೋಹಿತದೊಡನೆ ಹೋಲಿಸಿದರೆ, ಗಣನೀಯ ಪ್ರಮಾಣದಲ್ಲಿ ಬೆರೆತ ಇಂತಹ ಪರಕೀಯ ವಸ್ತು ಬಯಲಾಗುತ್ತದೆ. ಅನುಮಾನ ಮೂಡಿದ ಮಾದರಿಯನ್ನು ಬಳಿಕ ಬೇರೆ ಪರೀಕ್ಷೆಗಳಿಂದ ಖಚಿತಪಡಿಸಿಕೊಳ್ಳಲಾಗುತ್ತದೆ.

ರೈತನ ಪಾಲಿಗೂ ಇದು ಮುಖ್ಯ. ಹಾಲಿನ ದರ ನಿಗದಿಯಾಗುವುದು ಕೊಬ್ಬು ಮತ್ತು ಕೊಬ್ಬೇತರ ಘನಾಂಶಗಳ ಮೇಲೆ. ತಳಿ, ಮೇವು, ಋತುಮಾನಕ್ಕೆ ತಕ್ಕಂತೆ ಹಾಲು ಸಹಜವಾಗಿಯೇ ಬದಲಾಗುತ್ತದೆ; ಹಸುವಿನ ಹಾಲಿನಂತೆ ಎಮ್ಮೆಯ ಹಾಲಿಲ್ಲ. ಆದ್ದರಿಂದ ಉಪಕರಣವನ್ನು ಸ್ಥಳೀಯ ಹಾಲಿಗೇ ಹೊಂದಿಸಿ, ಆಗಾಗ ರಾಸಾಯನಿಕ ಪರೀಕ್ಷೆಗಳೊಡನೆ ತಾಳೆ ನೋಡಬೇಕು. ಇಲ್ಲವಾದರೆ ಪ್ರಾಮಾಣಿಕ ರೈತನ ಹಾಲಿಗೂ ಕಲಬೆರಕೆಯ ಕಳಂಕ ಅಂಟೀತು.

ಬೆಳಕಿಗೂ ಕಾಣದ್ದು

ಈ ವಿಧಾನಕ್ಕೆ ಮಿತಿಯೂ ಇದೆ. ಅತ್ಯಲ್ಪ ಪ್ರಮಾಣದ ಆಂಟಿಬಯಾಟಿಕ್ ಶೇಷ ಅಥವಾ ಬೂಷ್ಟು ಹಿಡಿದ ಮೇವಿನಿಂದ ಹಾಲಿಗಿಳಿಯುವ ಅಫ್ಲಾಟಾಕ್ಸಿನ್ ಎಂ1 ವಿಷ ಇದಕ್ಕೆ ನಿಲುಕುವುದಿಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ದೇಶಾದ್ಯಂತ ಸಂಗ್ರಹಿಸಿದ 6,432 ಮಾದರಿಗಳಲ್ಲಿ ಅಪಾಯಕಾರಿ ಕಲಬೆರಕೆ ಕಂಡದ್ದು ಕೇವಲ 12ರಲ್ಲಿ. ಆದರೆ ಶೇ. 5.7ರಷ್ಟು ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಮಿತಿ ಮೀರಿತ್ತು. ಹಾಲಿಗೆ ಬೆರೆಸುವವರನ್ನು ಹಿಡಿಯಲು ಅವಕೆಂಪು ಬೆಳಕು ನೆರವಾದೀತು. ಮೇವಿನ ದಾರಿಯಲ್ಲಿ ಬರುವ ವಿಷವನ್ನು ತಡೆಯಲು ಕೊಟ್ಟಿಗೆಯಲ್ಲೇ ಎಚ್ಚರ ವಹಿಸಬೇಕು.