ಮನೆ ಕಂದಾಯ ಕಟ್ಟಿದ್ದೀವಿ, ಶಾಲೆ ಸೂರು ಯಾಕೆ ಇನ್ನೂ ಸೋರುತ್ತೆ?

ಅರಳಗುಪ್ಪೆ: ಏಪ್ರಿಲ್ ಬಂತು ಅಂದ್ರೆ ಪಂಚಾಯಿತಿಯಲ್ಲಿ ಹೊಸ ವರ್ಷದ ಕಂದಾಯದ ಲೆಕ್ಕ ಶುರು. ಮೇ ಕೊನೆಗೆ ಶಾಲೆ ಬಾಗಿಲು ತೆಗೆಯುತ್ತೆ, ಅದರ ಬೆನ್ನಿಗೇ ಮುಂಗಾರು. ಅಷ್ಟರೊಳಗೆ ಹೆಂಚು ಕೈಯಾಡಿಸಲಿಲ್ಲ ಅಂದ್ರೆ ಮಳೆಗಾಲ ಪೂರ್ತಿ ಎರಡು ಮೂರು ತರಗತಿ ಮಕ್ಕಳು ಸೋರದ ಒಂದೇ ಕೊಠಡಿಯಲ್ಲಿ ಕೂರಬೇಕು. ಆಗ ಊರಲ್ಲಿ ಎಲ್ಲರೂ ಕೇಳೋ ಪ್ರಶ್ನೆ ಒಂದೇ: ನಾವು ಕಟ್ಟಿದ ಕಂದಾಯ ಎಲ್ಲಿ ಹೋಯ್ತು?

ಉತ್ತರ ಸ್ವಲ್ಪ ಸುತ್ತು ಬಳಸಿದೆ. ಒಂದೊಂದಾಗಿ ನೋಡೋಣ.

ಯಾವುದಕ್ಕೆ ಕಂದಾಯ, ಯಾವುದಕ್ಕೆ ಇಲ್ಲ

1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಮನೆ, ಅಂಗಡಿ, ಗೋದಾಮು, ಖಾಲಿ ನಿವೇಶನಕ್ಕೆ ತೆರಿಗೆ ಹಾಕೋ ಅಧಿಕಾರ ಗ್ರಾಮ ಪಂಚಾಯಿತಿಯದು. ತೆಂಗಿನ ತೋಟ ಇದರಲ್ಲಿ ಬರಲ್ಲ, ಅದು ಭೂಕಂದಾಯ, ಕಂದಾಯ ಇಲಾಖೆಗೆ ಸೇರಿದ್ದು. ಅಂಗಡಿಯವರು ಕಟ್ಟೋ ಪರವಾನಗಿ ಶುಲ್ಕ ಬೇರೆ, ಕಟ್ಟಡದ ತೆರಿಗೆ ಬೇರೆ. ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಮೇಲೆ ಬೀಳೋ ಮಾರುಕಟ್ಟೆ ಶುಲ್ಕಕ್ಕೂ ನಮ್ಮ ಪಂಚಾಯಿತಿಗೂ ಸಂಬಂಧ ಇಲ್ಲ. ತಿಪಟೂರು ಪೇಟೆ ಒಳಗೆ ಮನೆ ಇದ್ದವರು ನಗರಸಭೆಗೆ ಕಟ್ಟುತ್ತಾರೆ.

ರಸೀದಿ ಓದೋದು ಹೇಗೆ

ಕಂದಾಯದ ರಸೀದಿಯಲ್ಲಿ ಮೂಲ ತೆರಿಗೆ ಕೆಳಗೆ ಕೆಲವು ಸಣ್ಣ ಸಾಲು ಇರುತ್ತವೆ. ಇವೇ ಉಪಕರಗಳು. ಮೂಲ ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಅಂದ್ರೆ ತೆರಿಗೆ 1,000 ರೂಪಾಯಿ ಇದ್ದರೆ ಈ ಮೂರಕ್ಕೇ 240 ರೂಪಾಯಿ. ಇದು ಪಂಚಾಯಿತಿ ತನಗೆ ಬೇಕಾದ ಹಾಗೆ ಖರ್ಚು ಮಾಡೋ ಹಣ ಅಲ್ಲ, ಯಾವುದರ ಹೆಸರಲ್ಲಿ ವಸೂಲಾಯಿತೋ ಅದಕ್ಕೇ ಹೋಗಬೇಕು. ಈಗ ಅರಿವು ಕೇಂದ್ರ ಅಂತ ಕರೆಯೋ ಪಂಚಾಯಿತಿ ಗ್ರಂಥಾಲಯಕ್ಕೆ ಹೀಗೆ ಕಾನೂನಲ್ಲೇ ಒಂದು ಪಾಲು ಬರೆದಿದೆ.

ಶಾಲೆ ಕಟ್ಟಡದ ರಿಪೇರಿಗೆ ಅಂತಲೇ ಎತ್ತಿಟ್ಟ ಅಂಥ ಪಾಲು ಇಲ್ಲ. ರಸೀದಿಯಲ್ಲಿ ಶಿಕ್ಷಣದ ಹೆಸರಲ್ಲಿ ಒಂದು ಸಾಲು ಕಂಡರೂ ಆ ದುಡ್ಡು ನೇರ ನಿಮ್ಮೂರ ಶಾಲೆ ಖಾತೆಗೆ ಬೀಳುತ್ತೆ ಅಂದ್ಕೋಬೇಡಿ.

ಹಾಗಾದ್ರೆ ಸೂರು ಯಾರದ್ದು?

ಅದೇ ಕಾಯ್ದೆಯ ಅನುಸೂಚಿ ನೋಡಿದರೆ ಪ್ರಾಥಮಿಕ ಶಾಲೆ ಕಟ್ಟಡದ ನಿರ್ಮಾಣ, ದುರಸ್ತಿ ತಾಲ್ಲೂಕು ಪಂಚಾಯಿತಿ ಪಾಲಿಗೆ, ಪ್ರೌಢಶಾಲೆ ಜಿಲ್ಲಾ ಪಂಚಾಯಿತಿ ಪಾಲಿಗೆ. ಗ್ರಾಮ ಪಂಚಾಯಿತಿಗೆ ಇರೋದು ಮಕ್ಕಳ ದಾಖಲಾತಿ, ಹಾಜರಾತಿ ನೋಡೋ ಕೆಲಸ. ಮನೆ ಕಂದಾಯ ವಸೂಲಿ ಮಾಡೋ ಗ್ರಾಮ ಪಂಚಾಯಿತಿಗೆ ಸೂರಿನ ಹೊಣೆ ಇಲ್ಲ. ಸೂರಿನ ಹೊಣೆ ಇರೋ ತಾಲ್ಲೂಕು ಪಂಚಾಯಿತಿಗೆ ಮನೆ ಕಂದಾಯ ಇಲ್ಲ, ಸರ್ಕಾರದ ಅನುದಾನ ಬಂದರೆ ಉಂಟು. ಸೋರೋ ಕೊಠಡಿ ಈ ಇಬ್ಬರ ನಡುವೆ ಸಿಕ್ಕಿಕೊಂಡಿದೆ.

ಶಾಲೆ ಕೈಗೆ ಬರೋದು ಎಷ್ಟು

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗಳಿಗೆ ವರ್ಷಕ್ಕೊಂದು ಅನುದಾನ ಇದೆ. ಅದು ಮಕ್ಕಳ ಲೆಕ್ಕದ ಮೇಲೆ:

- 30 ಮಕ್ಕಳವರೆಗೆ: 10,000 ರೂ.
- 31ರಿಂದ 100: 25,000 ರೂ.
- 101ರಿಂದ 250: 50,000 ರೂ.
- 251ರಿಂದ 1,000: 75,000 ರೂ.

ಇದರಲ್ಲೇ ಸೀಮೆಸುಣ್ಣ, ರಿಜಿಸ್ಟರ್, ಕರೆಂಟು, ನೀರು, ಸಣ್ಣಪುಟ್ಟ ರಿಪೇರಿ ಎಲ್ಲಾ ತೂಗಿಸಬೇಕು. ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು. ಒಂದು ಶಾಲೆಯಲ್ಲಿ 31 ಮಕ್ಕಳಿದ್ದು ಒಬ್ಬ ಟಿ.ಸಿ. ತಗೊಂಡು ಕಾನ್ವೆಂಟ್ ವ್ಯಾನ್ ಹತ್ತಿದ ಅಂದ್ಕೊಳ್ಳಿ. ಅನುದಾನ 25 ಸಾವಿರದಿಂದ 10 ಸಾವಿರಕ್ಕೆ ಇಳಿಯುತ್ತೆ. ಸೂರು ಮಾತ್ರ ಅಷ್ಟೇ ಅಗಲ, ಒಡೆದ ಹೆಂಚೂ ಅಷ್ಟೇ. ಸೋರೋ ಶಾಲೆ ಅಂತ ಇನ್ನೊಬ್ಬರು ಮಗುವನ್ನ ಬಿಡಿಸುತ್ತಾರೆ. ಸಣ್ಣ ಊರಿನ ಶಾಲೆಗಳು ಹೀಗೇ ಖಾಲಿ ಆಗೋದು.

ನಮ್ಮೂರ ಕಲ್ಲೇಶ್ವರ ಗುಡಿಯ ಕಲ್ಲಿನ ಚಾವಣಿ ಸಾವಿರ ವರ್ಷ ದಾಟಿ ನಿಂತಿದೆ. ಹೆಂಚಿನ ಸೂರು ಹಂಗಲ್ಲ. ಕೋತಿ ಓಡಾಡುತ್ತೆ, ಗರಿ ಬೀಳುತ್ತೆ, ಗಾಳಿಗೆ ಹೆಂಚು ಸರಿಯುತ್ತೆ. ವರ್ಷಕ್ಕೊಮ್ಮೆ ಮೇಲೆ ಹತ್ತಲೇಬೇಕು. ನಾಲ್ಕು ಹೆಂಚು ಬದಲಾಯಿಸೋ ಖರ್ಚು ಉಳಿಸೋಕೆ ಹೋದರೆ ತೀರು, ರೀಪು ಕೊಳೆತು ಇಡೀ ಸೂರು ಇಳಿಸೋ ಖರ್ಚು ಬರುತ್ತೆ.

ಬೇರೆ ಕಡೆ ಏನು ಮಾಡ್ತಾರೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಶಾಲೆ ಕಟ್ಟಡದ ರಿಪೇರಿಗೇ ಪ್ರತ್ಯೇಕ ಆಸ್ತಿ ತೆರಿಗೆ ಹಾಕಬಹುದು. ತೆರಿಗೆ ಲೆಕ್ಕದ ಆಸ್ತಿ ಮೌಲ್ಯ ಸಾವಿರ ಡಾಲರಿಗೆ ಹೆಚ್ಚೆಂದರೆ 3 ಡಾಲರ್, ಹೆಚ್ಚೆಂದರೆ 10 ವರ್ಷ. ಅವಧಿ ಮುಗಿದರೆ ಮುಂದುವರಿಸಬೇಕೋ ಬೇಡವೋ ಅಂತ ಊರವರೇ ಮತ ಹಾಕಬೇಕು. ಹಿಂದಿನ ದುಡ್ಡಲ್ಲಿ ಏನು ರಿಪೇರಿ ಆಯ್ತು ಅಂತ ತೋರಿಸದೆ ಜನರ ಹತ್ತಿರ ಮತ ಕೇಳೋದು ಕಷ್ಟ.

ನಮ್ಮಲ್ಲಿ ಕಂದಾಯಕ್ಕೆ ಮತದಾನ ಇಲ್ಲ. ಪ್ರತಿವರ್ಷ ತಾನಾಗೇ ಬೇಡಿಕೆ ಬರುತ್ತೆ. ಆದರೆ ಲೆಕ್ಕ ಕೇಳೋ ಜಾಗ ಇದೆ, ಅದೇ ಗ್ರಾಮಸಭೆ. ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ನಡೀಬೇಕು. ಮಕ್ಕಳೇ ಎದ್ದು ನಿಂತು ಕೇಳೋಕೆ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯೂ ಇದೆ.

ನೀವು ಮಾಡಬಹುದಾದ್ದು

1. ಬಾಕಿ ಇದ್ದರೆ ಮೊದಲು ಕಟ್ಟಿ, ರಸೀದಿ ಇಟ್ಕೊಳ್ಳಿ. ಬೀದಿ ದೀಪ, ನೀರುಗಂಟಿ ಸಂಬಳ ಕಳೆದು ಉಳಿದರೆ ತಾನೇ ಶಾಲೆ ಮಾತು. ಈ-ಸ್ವತ್ತು ಖಾತೆಗೆ ಹೋದಾಗಲೂ ಕಂದಾಯದ ರಸೀದಿ ಕೇಳ್ತಾರೆ.

2. ಶಾಲೆಯ ಎಸ್‌ಡಿಎಂಸಿಯಿಂದ ರಿಪೇರಿ ಪಟ್ಟಿ ಮಾಡಿಸಿ: ಯಾವ ಕೊಠಡಿ, ಎಷ್ಟು ಹೆಂಚು, ಎಷ್ಟು ತೀರು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಈ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು. ಸುಮ್ಮನೆ ‘ಶಾಲೆ ಸೋರುತ್ತೆ’ ಅಂತ ಅರ್ಜಿ ಕೊಟ್ಟರೆ ಅದು ಫೈಲಲ್ಲೇ ಉಳಿಯುತ್ತೆ.

3. ಆ ಪಟ್ಟಿ ಎರಡು ಕಡೆ ಕೊಡಿ. ಒಂದು ಪ್ರತಿ ಪಿಡಿಒಗೆ, ಇನ್ನೊಂದು ತಿಪಟೂರಿನ ಬಿಇಒ ಕಚೇರಿ ಮೂಲಕ ತಾಲ್ಲೂಕು ಪಂಚಾಯಿತಿಗೆ. ಎರಡಕ್ಕೂ ಸ್ವೀಕೃತಿ ಸಹಿ ಹಾಕಿಸ್ಕೊಳ್ಳಿ.

4. ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡೇ ಪ್ರಶ್ನೆ ಕೇಳಿ. ಹೋದ ವರ್ಷ ಕಂದಾಯ ಎಷ್ಟು ವಸೂಲಾಯ್ತು? ಈ ವರ್ಷದ ಕ್ರಿಯಾ ಯೋಜನೆಯಲ್ಲಿ ನಮ್ಮ ಶಾಲೆ ಹೆಸರು ಇದೆಯಾ? ಇಲ್ಲ ಅಂದ್ರೆ ಸೇರಿಸೋಕೆ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಕಾಂಪೌಂಡು, ಶೌಚಾಲಯದಂಥ ಕೆಲಸ ಎಷ್ಟೋ ಶಾಲೆಗಳಲ್ಲಿ ನರೇಗಾದಲ್ಲೇ ಆಗಿದೆ. ಹೆಂಚಿಗೆ ಪಂಚಾಯಿತಿ ಸ್ವಂತ ವರಮಾನವನ್ನೋ ತಾಲ್ಲೂಕು ಪಂಚಾಯಿತಿ ಅನುದಾನವನ್ನೋ ಕೇಳಬೇಕು.

ಕ್ರಿಯಾ ಯೋಜನೆಯಲ್ಲಿ ಹೆಸರಿಲ್ಲದ ಕೆಲಸಕ್ಕೆ ಬಿಲ್ ಆಗಲ್ಲ. ಮಳೆ ಬಂದ ಮೇಲೆ ಕೇಳಿದರೆ ‘ಮುಂದಿನ ವರ್ಷ ನೋಡೋಣ’ ಅನ್ನೋ ಉತ್ತರವೇ ಸಿಗೋದು.